ನಮ್ಮ ಗಂಡುಬೆಕ್ಕಿಗೆ ಆಪರೇಷನ್ ಮಾಡಿಸಿದ್ದು

ಕೊಟ್ಟೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಬಾಗಿಲಿಗೆ ಹತ್ತಿಕೊಂಡಂತೆ ಮಷಿನ್ನು, ಹಿಂದಿನ ಗೋಡೆಗೆ ಒಂದು ಉದ್ದನೆಯ ಹಲಗೆ. ಹೊಲಿಯಲು ಕೊಟ್ಟವರ ಬಟ್ಟೆಗಳು ಆ ಹಲಗೆಯ ಮೇಲೆ ಗಂಟು ಗಂಟಾಗಿ ಕುಳಿತಿರುತ್ತಿದ್ದವು. ನನ್ನ ಗಂಡ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮತ್ತೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ರೆಡಿಮೇಡ್ ಬ್ಲೌಸುಗಳು ಇನ್ನೂ ನಮ್ಮ ಕಡೆ ಕಾಲಿಟ್ಟಿರಲಿಲ್ಲವಾದ್ದರಿಂದ ನನಗೆ ಕೈತುಂಬ ಕೆಲಸ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯಿಂದಲೂ ಹೆಂಗಸರು ಬಟ್ಟೆ ತಂದು ಕೊಡುತ್ತಿದ್ದರು.

ಶೇಂಗಾ ಮಂಡಿಗಳು ಇರುವಲ್ಲಿ ಇಲಿಗಳಿಗೇನು ಬರ? ಒಮ್ಮೆ ಯಾರದೋ ಹೊಸ ಬ್ಲೌಸಿನ ತೋಳನ್ನೇ ಇಲಿ ಕಡಿದು ಹಾಕಿತು. ಮಾರನೆಯ ದಿನವೇ ನಮ್ಮತ್ತೆ ಮಂಡಿಯಿಂದ ಒಂದು ಬೆಕ್ಕಿನ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು.

"ಗಂಡುಮರಿ ನೋಡೇ. ಹೆಣ್ಣಾದ್ರ ಸುಮ್ಮನ ಈಯಕಂತ ಕುಂದ್ರತೈತಿ, ಮರಿ ಹಂಚಿ ಹಂಚಿ ಸಾಕಾಗತೈತಿ. ಗಂಡಾದ್ರ ಏನೂ ತಂಟಿಲ್ಲ" ಎಂದರು.

ಹೆಸರೇನೂ ಇಡಲಿಲ್ಲ. ಬಣ್ಣ ಕೆಂಚಗಿದ್ದದ್ದರಿಂದ ಕೆಂಚ ಎಂದು ಕರೆದೆವು, ಅದಕ್ಕೇ ಅದು ತಿರುಗಿ ನೋಡತೊಡಗಿತು. ಬೆಳೆಯುವ ತನಕ ಚಿನ್ನದಂಥ ಬೆಕ್ಕು. ಹಲಗೆಯ ಕೆಳಗೆ ಕಾದು ಕುಳಿತು ಇಲಿ ಹಿಡಿಯುವುದು, ಹೊಟ್ಟೆ ತುಂಬಿದ ಮೇಲೆ ಮಷಿನ್ನಿನ ಮುಚ್ಚಳದ ಮೇಲೆ ಮಲಗುವುದು. ಇಲಿಗಳು ನಮ್ಮ ಮನೆಯ ದಾರಿಯನ್ನೇ ಮರೆತವು.

ಆಮೇಲೆ ಕೆಂಚನಿಗೆ ಪ್ರಾಯ ಬಂತು. ಕೆನ್ನೆ ದಪ್ಪಗಾದವು, ಕುತ್ತಿಗೆ ಹೋರಿಯ ಕುತ್ತಿಗೆಯ ಹಾಗಾಯಿತು. ಓಣಿಯ ಮಾಳಿಗೆಗಳ ಮೇಲೆ ಹೋಗಿ ಕಂಡ ಕಂಡ ಗಂಡುಬೆಕ್ಕಿನ ಜೊತೆ ಗುದ್ದಾಡಿ ಬರತೊಡಗಿದ. ಒಂದು ದಿನ ಕಿವಿ ಹರಿದಿರುತ್ತಿತ್ತು, ಇನ್ನೊಂದು ದಿನ ಮುಂಗಾಲು ಊದಿಕೊಂಡು ಕುಂಟುತ್ತಿದ್ದ. ನಾನು ಅರಿಷಿಣ ಹಚ್ಚಿ ಹಚ್ಚಿ ಸೋತೆ. ಅದನ್ನೂ ಸಹಿಸಬಹುದಿತ್ತು. ಮನೆಯೊಳಗೆ ಸೀರುವುದಕ್ಕೆ ಶುರು ಮಾಡಿದ್ದು ಮಾತ್ರ ಸಹಿಸಲಾಗದ ಸಂಗತಿ. ಬಾಗಿಲು, ಗೋಡೆ, ಮಷಿನ್ನಿನ ಕಾಲು, ಯಾವುದಾದರೂ ಸರಿ. ಬೆನ್ನು ತಿರುಗಿಸಿ ನಿಂತು, ಬಾಲ ನೆಟ್ಟಗೆ ಎತ್ತಿ, ಬಾಲದ ತುದಿ ನಡುಗಿಸುತ್ತ ಪಿಚಕಾರಿ ಹೊಡೆದ ಹಾಗೆ ಹೊಡೆಯುತ್ತಿದ್ದ. ಆ ನಾತವನ್ನು ಗಂಡುಬೆಕ್ಕು ಸಾಕಿದವರೇ ಬಲ್ಲರು. ಸೋಪು, ಸುಣ್ಣದ ನೀರು, ಸೀಗೆಪುಡಿ, ಯಾವುದಕ್ಕೂ ಅದು ಜಗ್ಗುವುದಿಲ್ಲ.

ಹಗರಿಬೊಮ್ಮನಹಳ್ಳಿಯ ಒಬ್ಬ ಗಿರಾಕಿ ತನ್ನ ದೊಡ್ಡ ಮಗಳ ಮದುವೆಗೆ ರೇಷ್ಮೆ ಬ್ಲೌಸುಗಳನ್ನು ನನ್ನ ಕೈಯಲ್ಲಿ ಹೊಲಿಸಿದ್ದಳು. ಮಾತಿನಲ್ಲಿ ಖಡಕ್ಕು, ಕೊಡುವುದರಲ್ಲಿ ಧಾರಾಳಿ. ಬಟ್ಟೆ ಒಯ್ಯಲು ಬಂದ ದಿನ ನಾನು ಹೆಮ್ಮೆಯಿಂದ ಗಂಟು ಬಿಚ್ಚಿದೆ. ಬಿಚ್ಚಿದ ಕೂಡಲೇ ಇಬ್ಬರೂ ಮೂಗು ಮುಚ್ಚಿಕೊಂಡೆವು.

"ಏನವ್ವಾ ಇದು ವಾಸ್ನಿ?"

ಧಾರೆಯ ಬ್ಲೌಸಿನ ಬೆನ್ನ ಮೇಲೆ ಹಳದಿ ಕಲೆ ಕಾಣುತ್ತಿತ್ತು. ಕೆಂಚ ಕಿಟಕಿಯಲ್ಲಿ ಕುಳಿತು ಕಾಲು ನೆಕ್ಕಿಕೊಳ್ಳುತ್ತಿದ್ದ.

"ನನ್ನ ಮಗಳು ಬೆಕ್ಕಿನ ಉಚ್ಚಿ ನಾತ ಹೊಡಕಂತ ಹಸಿಮಣಿ ಮ್ಯಾಲೆ ಕುಂದ್ರಬೇಕೇನು?" ಎಂದು ಆಕೆ ಕೂಗಿದ್ದು ಓಣಿಯ ತುದಿಗೂ ಕೇಳಿಸಿತು. ಅದೇ ಬಣ್ಣದ ರೇಷ್ಮೆ ಹುಡುಕಿ ತಂದು, ಮತ್ತೆ ಹೊಲಿದು, ಮದುವೆಯ ಮುಂಚೆ ನಾನೇ ಅವರ ಮನೆಗೆ ಮುಟ್ಟಿಸಿದೆ. ಆಕೆ ತೆಗೆದುಕೊಂಡಳು. ಆದರೆ ಇನ್ನು ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದಳು.

ಆವತ್ತು ಊಟಕ್ಕೆ ಕುಳಿತಾಗ ನನ್ನ ಗಂಡ ತೀರ್ಪು ಕೊಟ್ಟರು. "ಇಲಿಗಿಂತ ಇದರ ಕಾಟಾನ ಜಾಸ್ತಿ ಆತು. ಎಲ್ಲೆರ ದೂರ ಬಿಟ್ಟು ಬರೋಣು."

ನಮ್ಮತ್ತೆಗೆ ಸಂಕಟವಾಯಿತು, ಆದರೂ ಒಪ್ಪಿದರು. ಅವರ ತವರೂರು ಮಾಗಳ. "ಅಲ್ಲಿ ಹೊಳಿ ಐತಿ, ಮೀನ ಹಿಡಿಯೋರು ಅದಾರ. ಅಲ್ಲಿ ಬಿಟ್ರ ಉಪಾಸ ಅಂತೂ ಸಾಯಂಗಿಲ್ಲ" ಎಂದರು. ಗಂಡನ ಕೈಯಲ್ಲಿ ಕೊಟ್ಟರೆ ಅರ್ಧ ದಾರಿಯಲ್ಲೇ ಯಾವುದಾದರೂ ಸೇತುವೆಯ ಹತ್ತಿರ ಬಿಟ್ಟು ಬಂದಾರು ಎಂಬ ಅನುಮಾನ ನನಗೆ. ನಾನೇ ಹೋಗುತ್ತೇನೆ ಎಂದೆ.

ಅಕ್ಕಿ ಚೀಲಕ್ಕೆ ಕತ್ತರಿಯಿಂದ ಗಾಳಿಯಾಡುವಷ್ಟು ತೂತು ಮಾಡಿದೆ. ಬಸ್ಸಿನಲ್ಲಿ ಗಲೀಜು ಮಾಡಿಕೊಂಡೀತೆಂದು ಹಿಂದಿನ ಸಂಜೆಯ ನಂತರ ಏನನ್ನೂ ಹಾಕಿರಲಿಲ್ಲ. ಬೆಳಿಗ್ಗೆ ಕೆಂಚನನ್ನು ಚೀಲಕ್ಕೆ ತುಂಬುವಾಗ ಮೊಣಕೈತನಕ ಪರಚಿಸಿಕೊಂಡೆ. ಹಡಗಲಿ ಬಸ್ಸು ಹತ್ತಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡೆ. ಚೀಲ ಕೂಗಿತು.

"ಏನೈತಿ ಯವ್ವಾ ಅದರಾಗ?" ಎಂದ ಕಂಡಕ್ಟರ್.

"ಬೆಕ್ಕು."

"ಹಂಗಾದ್ರ ಅರ್ಧ ಟಿಕೀಟು ಹರಿಲೇನು?"

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಹಡಗಲಿಯಲ್ಲಿ ಇಳಿದಾಗ ಮಾಗಳದ ಬಸ್ಸು ಆಗಲೇ ಹೋಗಿತ್ತು. ನಿಲ್ದಾಣದ ಕಟ್ಟೆಯ ಮೇಲೆ ಮಲ್ಲಿಗೆ ಮಾರುವ ಹೆಂಗಸರ ಪಕ್ಕ ಕುಳಿತೆ. ಕೆಂಚ ಎಂಥ ದನಿ ತೆಗೆದನೆಂದರೆ ಆ ಹೆಂಗಸರು, "ಯವ್ವಾ, ಅತ್ಲಾಗರ ಒಯ್ಯವ್ವ, ಗಿರಾಕಿ ಬರವೊಲ್ರು" ಎಂದು ಎಬ್ಬಿಸಿಯೇ ಬಿಟ್ಟರು. ಚೀಲ ಹಿಡಿದು ನೆರಳು ಹುಡುಕುತ್ತ ನಡೆದೆ. ಸ್ವಲ್ಪ ದೂರದಲ್ಲಿ ಒಂದು ಕಾಂಪೌಂಡು, ಒಳಗೆ ಬೇವಿನ ಮರ. ಮರದ ಕೆಳಗೆ ಹೋಗಿ ಕುಳಿತ ಮೇಲೆಯೇ ಅದು ದನದ ಆಸ್ಪತ್ರೆ ಎಂದು ತಿಳಿದದ್ದು.

ರೈತರು ಹೋರಿಗಳನ್ನು ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ನಡುವೆ ಕಂಬಗಳ ಕಟ್ಟು. ಅದರೊಳಗೆ ಒಂದು ಹೋರಿಯನ್ನು ನಿಲ್ಲಿಸಿ, ಡಾಕ್ಟರು ಹಿಂದಿನಿಂದ ಉದ್ದ ಹಿಡಿಯ ಇಕ್ಕಳ ಹಾಕಿ ಅದುಮುತ್ತಿದ್ದರು. ಬೀಜ ಒಡೆಯುವುದನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನ್ನ ಪಕ್ಕ ಕುಳಿತಿದ್ದ ಮುದುಕನೊಬ್ಬ ತನ್ನ ಹೋರಿಯ ಕಥೆ ಹೇಳತೊಡಗಿದ.

"ಭಾಳ ಗುದ್ದಾಡ್ತಿತ್ತವ್ವಾ. ಬೇಲಿ ಹಾರಿ ಹಾರಿ ಹೋಗ್ತಿತ್ತು. ಮೈ ತುಂಬ ಗಾಯ. ಇನ್ನ ಮ್ಯಾಲೆ ತಣ್ಣಗಾಕೈತಿ, ಮನಿ ಹಿಡಿದು ನಿಂದರತೈತಿ."

ಗುದ್ದಾಡುವುದು, ಹಾರಿ ಹೋಗುವುದು, ಮೈತುಂಬ ಗಾಯ. ನನ್ನ ಕಾಲ ಬಳಿಯ ಚೀಲದಲ್ಲಿ ಇದ್ದದ್ದೂ ಅದೇ ಪ್ರಾಣಿ ಅಲ್ಲವೇ? ಹೋರಿಗೆ ಆಗುವುದು ಬೆಕ್ಕಿಗೆ ಯಾಕಾಗಬಾರದು? ಈ ಯೋಚನೆಯನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಎಲ್ಲಿಯೂ ಓದಿದ್ದಲ್ಲ. ಆ ಬೇವಿನ ಮರದ ಕೆಳಗೆ ನನಗೇ ಹೊಳೆದದ್ದು. ಇವತ್ತಿಗೂ ಅದನ್ನು ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಎದ್ದು ಹೋಗಿ ಡಾಕ್ಟರ ಮುಂದೆ ಚೀಲ ಇಟ್ಟೆ. "ಸರ್, ಇದಕ್ಕೂ ಮಾಡ್ತೀರೇನ್ರಿ?"

"ಏನಿದೆ ಅದರಲ್ಲಿ?"

"ಗಂಡುಬೆಕ್ಕು."

ಹೋರಿ ಹಿಡಿದಿದ್ದವರೆಲ್ಲ ಗೊಳ್ಳೆಂದು ನಕ್ಕರು. ನನ್ನ ಪಕ್ಕ ಕುಳಿತಿದ್ದ ಮುದುಕ, "ಡಾಕ್ಟ್ರ, ಆ ಇಕ್ಕಳದಾಗ ಬೆಕ್ಕು ಇಡೀದಾ ಹೋಗ್ಬಿಡತೈತಲ್ರಿ!" ಎಂದ. ಮತ್ತೆ ನಗು. ನನಗೆ ಕಿವಿಯವರೆಗೂ ಬಿಸಿಯಾಯಿತು. ಆದರೂ ಚೀಲ ಎತ್ತಿಕೊಳ್ಳಲಿಲ್ಲ.

ಡಾಕ್ಟರು ನಗಲಿಲ್ಲ. ಮೈಸೂರು ಕಡೆಯ ಮಾತಿನ, ಸಣಕಲು ಮೈಯ ಮನುಷ್ಯ. ಇಕ್ಕಳವನ್ನು ಕಂಪೌಂಡರನ ಕೈಗೆ ಕೊಟ್ಟು ನನ್ನ ಕಡೆ ತಿರುಗಿದರು. "ನೀವು ಕೇಳ್ತಿರೋದು ಸರಿಯಾಗೇ ಇದೆ ಅಮ್ಮ. ಮನೆ ತುಂಬ ಸಿಡಿಸುತ್ತಾ?"

"ಹೂನ್ರಿ."

"ಜಗಳ ಆಡಿ ಗಾಯ ಮಾಡ್ಕೊಂಡು ಬರುತ್ತಾ?"

"ದಿನಾ."

"ಕಾಲೇಜಿನಲ್ಲಿದ್ದಾಗ ತುಂಬಾ ಬೆಕ್ಕುಗಳಿಗೆ ಮಾಡಿದ್ದೀನಿ. ಈ ಕಡೆಗೆ ವರ್ಗ ಆಗಿ ಬಂದ ಮೇಲೆ ಒಬ್ಬರೂ ಕೇಳಿರಲಿಲ್ಲ." ಅವರ ಮುಖ ಅರಳಿತ್ತು. "ಊಟ ಯಾವಾಗ ಹಾಕಿದ್ರಿ?"

"ನಿನ್ನಿ ಸಂಜಿ ಮುಂದ."

"ಒಳ್ಳೇದಾಯ್ತು. ಹೊಟ್ಟೆ ಖಾಲಿ ಇರಬೇಕು. ಇವೆರಡು ಹೋರಿ ಮುಗಿಸಿ ಬರ್ತೀನಿ."

ಚೀಲದ ಮೇಲಿನಿಂದಲೇ ಮತ್ತಿನ ಇಂಜೆಕ್ಷನ್ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಚೀಲ ಸುಮ್ಮನಾಯಿತು. ಮೇಜಿನ ಮೇಲೆ ಮಲಗಿಸಿದಾಗ ಕೆಂಚನ ಕಣ್ಣು ತೆರೆದೇ ಇದ್ದವು. ನಾನು ಅವನ ಮೂಗಿನ ಬಳಿ ಬೆರಳು ಹಿಡಿದೆ. "ಸತ್ತಿಲ್ಲ, ನಿದ್ದೆ ಮಾಡ್ತಿದೆ. ಈ ಮತ್ತಲ್ಲಿ ಕಣ್ಣು ಮುಚ್ಚೋದಿಲ್ಲ" ಎಂದು ಡಾಕ್ಟರು ಕಣ್ಣಿಗೆ ಮುಲಾಮು ಹಾಕಿದರು. ಹೊರಗೆ ಕುಳಿತುಕೊಳ್ಳಿ ಎಂದರು. ನಾನು ಅಲ್ಲಿಯೇ ನಿಂತೆ. ಕತ್ತರಿ ಹಿಡಿದು ಬದುಕುವವಳಿಗೆ ಕೊಯ್ಯುವುದನ್ನು ನೋಡಲು ಏನು ಭಯ?

ಕೂದಲು ತೆಗೆದು, ಒರೆಸಿ, ಕಾಜಾದಷ್ಟು ಸಣ್ಣ ಗೀಟು ಕೊಯ್ದರು. ಒಳಗಿನದನ್ನು ಹೊರಗೆಳೆದು ಅದರ ನಾಳಕ್ಕೆ ಅದರದೇ ಗಂಟು ಹಾಕಿದರು. ಆ ಗಂಟು ನೋಡಿ ನನಗೆ ಸಂತೋಷವಾಯಿತು, ಒಳ್ಳೆಯ ಕೈ. ಇನ್ನೊಂದು ಕಡೆಯೂ ಹಾಗೆಯೇ. ಇನ್ನೇನು ಹೊಲಿಗೆ ಹಾಕುತ್ತಾರೆ ಎಂದು ಕಾಯುತ್ತಿದ್ದರೆ ಅವರು ಕೈಗವಸು ಬಿಚ್ಚಿಯೇ ಬಿಟ್ಟರು.

"ಹೊಲಿಗಿ ಹಾಕಂಗಿಲ್ಲೇನ್ರಿ?"

"ಗಂಡುಬೆಕ್ಕಿಗೆ ಬೇಡ ಅಮ್ಮ. ಇಷ್ಟು ಸಣ್ಣ ಗಾಯ ತಾನಾಗೇ ಕೂಡತ್ತೆ." ನನ್ನ ಮುಖ ನೋಡಿ, "ನೀವು ಟೇಲರ್ರಾ?" ಎಂದರು.

"ಹೂನ್ರಿ."

"ಅದಕ್ಕೇ ನಂಬಿಕೆ ಬರ್ತಿಲ್ಲ ನಿಮಗೆ" ಎಂದು ಮೊದಲ ಸಲ ನಕ್ಕರು. ಮನೆಯೊಳಗೇ ಇಟ್ಟುಕೊಳ್ಳಿ, ಮಣ್ಣು ತಾಗಿಸಬೇಡಿ, ಬುಟ್ಟಿಯಲ್ಲಿ ಹರಿದ ಪೇಪರು ಹಾಕಿಡಿ ಎಂದು ಹೇಳಿದರು. "ಒಂದು ಮಾತು ನೆನಪಿಡಿ. ಮೈಯಲ್ಲಿ ಇರೋ ಕಾವು ಇಳಿಯೋಕೆ ಕೆಲವು ವಾರ ಬೇಕು. ಅಲ್ಲಿವರೆಗೆ ಸಿಡಿಸಬಹುದು. ಸೋತು ಬಿಟ್ಟುಬಿಡಬೇಡಿ."

ಮಧ್ಯಾಹ್ನ ಕೆಂಚ ತೂರಾಡುತ್ತ ಎದ್ದು ನಿಂತ. ಮಾಗಳದ ಬಸ್ಸು ಬಂತು, ಹೋಯಿತು. ನಾನು ಕೊಟ್ಟೂರಿನ ಬಸ್ಸು ಹತ್ತಿದೆ.

ಮನೆಯ ಬಾಗಿಲಲ್ಲಿ ನಮ್ಮತ್ತೆ ಚೀಲ ನೋಡಿ, "ಬಸ್ ಸಿಗಲಿಲ್ಲೇನು?" ಎಂದರು.

"ಬೀಜ ತಗಸ್ಕಂಡು ಬಂದೀನಿ ಅತ್ತಿ. ಇನ್ನ ಬಿಡೋದು ಬ್ಯಾಡ."

ನಮ್ಮತ್ತೆ ಅಲ್ಲಿಯೇ ಕುಕ್ಕರಿಸಿದರು. ಮಿಲ್ಲಿನಿಂದ ಬಂದ ಗಂಡ ವಿಷಯ ಕೇಳಿ ಬಗ್ಗಿ ಕೆಂಚನನ್ನು ನೋಡಿದರು. ಆಮೇಲೆ, "ಬೆಕ್ಕಿಗೆ?" ಎಂದರು. "ಊರಾಗ ಯಾರಿಗೂ ಹೇಳಬ್ಯಾಡ" ಎಂದರು. ಊರಿಗಂತೂ ಬಸ್ಸಿನಲ್ಲಿ ಬಂದವರೇ ಹೇಳಿಯಾಗಿತ್ತು.

"ಗಂಡು ಜೀವಕ್ಕ ಇಂಥಾದ್ದು ಮಾಡಸ್ತಾರೇನೇ? ಇನ್ನ ಇದು ಇಲಿ ಹಿಡಿದಂಗೈತಿ!" ಎಂದು ನಮ್ಮತ್ತೆ ಹಣೆ ಚಚ್ಚಿಕೊಂಡರು.

"ಎತ್ತು ಹೊಲ ಉಳಂಗಿಲ್ಲೇನು ಅತ್ತಿ? ಬಂಡಿ ಎಳಿಯಂಗಿಲ್ಲೇನು?"

ಕೊನೆಯ ಮಾತು ಅವರದೇ ಇರಬೇಕಲ್ಲ. "ಮಳಿಗಾಲ ಹಿಡಿಯೋತನಕ ನೋಡ್ತೀನಿ. ಆಮ್ಯಾಲೂ ನಾತ ಹೊಡೀತಂದ್ರ ನಾನಾ ಒಯ್ದು ಬಿಟ್ಟು ಬರ್ತೀನಿ."

ಗಾಯವೇನೋ ಡಾಕ್ಟರು ಹೇಳಿದಂತೆ ಹೊಲಿಗೆಯಿಲ್ಲದೆ ಕೂಡಿತು. ಆದರೆ ಮೂಲೆಯ ಗೋಡೆಗೆ ಕೆಂಚ ಮತ್ತೆ ಸೀರಿದ. "ನೋಡ್ದಿ?" ಎಂದರು ನಮ್ಮತ್ತೆ. ಬಟ್ಟೆಯ ಗಂಟುಗಳನ್ನೆಲ್ಲ ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟು ಕಾದೆ. ಕೆಲವು ವಾರ ಕಳೆದವು. ಬರಬರುತ್ತ ಬಾಲವನ್ನು ಸುಮ್ಮನೆ ಎತ್ತುತ್ತಿದ್ದ, ನಡುಗಿಸುತ್ತಿದ್ದ, ಏನೂ ಬರುತ್ತಿರಲಿಲ್ಲ. ಕೊನೆಗೆ ಎತ್ತುವುದನ್ನೂ ಬಿಟ್ಟ. ಎದುರು ಮಾಳಿಗೆಯ ಮೇಲೆ ಹೆಣ್ಣುಬೆಕ್ಕು ಎಷ್ಟು ಕೂಗಿದರೂ ಒಂದು ಕಿವಿ ಆ ಕಡೆ ತಿರುಗಿಸಿ ಮತ್ತೆ ಮಲಗುತ್ತಿದ್ದ. ಒಂದು ಬೆಳಿಗ್ಗೆ ಕಸ ಗುಡಿಸುವಾಗ ಮನೆಯಲ್ಲಿ ಬರಿಯ ಹೊಸ ಬಟ್ಟೆಯ ಗಂಜಿಯ ವಾಸನೆ ಮಾತ್ರ ಇದೆ ಎಂದು ಗೊತ್ತಾಯಿತು. ಪೊರಕೆ ಹಿಡಿದುಕೊಂಡೇ ನಿಂತು ಆ ವಾಸನೆಯನ್ನು ಎಳೆದುಕೊಂಡೆ.

ಇಲಿಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಇಲಿ ಇಲ್ಲದ ಮನೆಯಲ್ಲಿ ಬೆಕ್ಕು ಇಲಿ ಹಿಡಿಯುವುದೆಂತು? ನಮ್ಮತ್ತೆ ಮಾತ್ರ ಬಿಡಲಿಲ್ಲ. "ಕೊಬ್ಬಿ ಕುಂತೈತಿ, ಅಷ್ಟಾ" ಎನ್ನುತ್ತಿದ್ದರು. ಮೊದಲ ಮಳೆ ಬಿದ್ದ ದಿನ ಚರಂಡಿಯಲ್ಲಿ ನೀರು ತುಂಬಿ ಒಂದು ಹೆಗ್ಗಣ ಬಚ್ಚಲಿಗೆ ನುಗ್ಗಿತು. ನಮ್ಮತ್ತೆ ಆಗ ಅಲ್ಲಿಯೇ ಪಾತ್ರೆ ತಿಕ್ಕುತ್ತಿದ್ದರು. ಅವರು ಚೀರಿ ಕಟ್ಟೆ ಹತ್ತುವಷ್ಟರಲ್ಲಿ ಕೆಂಚ ನನ್ನ ಕಾಲಸಂದಿಯಲ್ಲಿ ಹಾದು ಬಚ್ಚಲಿಗೆ ಹಾರಿದ. ಪಾತ್ರೆಗಳೆಲ್ಲ ಚೆಲ್ಲಾಪಿಲ್ಲಿ. ಹೆಗ್ಗಣ ಅವನ ಅರ್ಧದಷ್ಟು ಇತ್ತು. ಕಚ್ಚಿತು, ಉರುಳಿತು, ತಪ್ಪಿಸಿಕೊಳ್ಳಲು ನೋಡಿತು. ಕೆಂಚ ಕುತ್ತಿಗೆ ಬಿಡಲೇ ಇಲ್ಲ. ಸದ್ದಡಗಿದ ಮೇಲೆ ಅದನ್ನು ಎಳೆದು ತಂದು ನಮ್ಮತ್ತೆಯ ಕಾಲ ಬಳಿ ಹಾಕಿ ನಿಂತ.

ನಮ್ಮತ್ತೆ ಕಟ್ಟೆಯಿಂದ ಇಳಿದರು. ಹೆಗ್ಗಣದ ಬಾಲವನ್ನು ಕಡ್ಡಿಯಿಂದ ಹಿಡಿದು ಬೀದಿಗೆ ನಡೆದೇ ಬಿಟ್ಟರು. ಮಳೆಯಲ್ಲಿ ನೆನೆಯುತ್ತ ಮನೆ ಮನೆಯ ಮುಂದೆ, "ನೋಡ್ರವ್ವಾ, ನಮ್ಮ ಕೆಂಚ ಹಿಡದದ್ದು! ಬೀಜ ತಗಸಿದ ಬೆಕ್ಕು ಹಿಡದದ್ದು!" ಎಂದು ತೋರಿಸಿ ಬಂದರು. ಒಳಗೆ ಬಂದವರೇ ಒಂದು ಬಟ್ಟಲು ಕೆನೆಹಾಲು ಅವನ ಮುಂದೆ ಇಟ್ಟರು. ನನಗೆ ಆ ಮನೆಯಲ್ಲಿ ಅಂಥ ಮರ್ಯಾದೆ ಮದುವೆಯಾದ ಹೊಸದರಲ್ಲಿಯೂ ಸಿಕ್ಕಿರಲಿಲ್ಲ.

ಓಣಿಯ ಗಂಡಸರ ತಮಾಷೆ ಮಾತ್ರ ನಡೆದೇ ಇತ್ತು. ನಮ್ಮ ಎದುರಿಗೇ ಮಿರ್ಚಿ ಬಜ್ಜಿಯ ಅಂಗಡಿ ಇಟ್ಟಿದ್ದವನು ಎಲ್ಲರಿಗಿಂತ ಮುಂದೆ. ದೊಡ್ಡ ಹೊಟ್ಟೆ, ದೊಡ್ಡ ಮೀಸೆ, ದೊಡ್ಡ ದನಿ. ನಾನು ಮಷಿನ್ನಿಗೆ ಕುಳಿತರೆ ಸಾಕು, ಬಾಣಲೆಯ ಮುಂದಿನಿಂದಲೇ, "ಟೇಲರವ್ವಾ, ಕತ್ರಿ ಒಳಗಿಡವ್ವ, ನಮ್ಮ ಗಿರಾಕಿ ಅಂಜಿಕೆಂಡು ಓಡಿ ಹೊಂಟ್ರು" ಎನ್ನುತ್ತಿದ್ದ. ಮಿಲ್ಲಿನಲ್ಲಿ ನನ್ನ ಗಂಡನಿಗೂ ಇದೇ ಗೋಳು. ಪಾಪ, ತಲೆ ತಗ್ಗಿಸಿಕೊಂಡು ಬರುತ್ತಿದ್ದರು. ಹೆಗ್ಗಣದ ಘಟನೆಯ ನಂತರ ಒಂದು ದಿನ ಸೈಕಲ್ಲನ್ನು ಗೋಡೆಗೆ ಒರಗಿಸದೆ ಹಾಗೆಯೇ ಬಿಟ್ಟು ನಗುತ್ತ ಒಳಗೆ ಬಂದರು.

"ಇವತ್ತು ಮತ್ತ ಕೇಳಿದ್ರು, ನಿಮ್ಮ ಬೆಕ್ಕಿಂದು ಏನ್ ಸಮಾಚಾರ ಅಂತ. ನಾ ಅಂದೆ, ನಮ್ಮ ಬೆಕ್ಕಿಗೆ ಬೀಜ ಇಲ್ಲ, ಖರೆ. ಆದ್ರ ಹೆಗ್ಗಣ ಹಿಡೀತೈತಿ. ನಿಮಗ ಅದಾವಲ್ಲ, ನೀವೇನ್ ಹಿಡಿದೀರಿ? ಅಂದೆ. ಇಡೀ ಮಿಲ್ಲು ನಕ್ಕತು!" ಆ ದಿನ ಅವರು ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಶೇಂಗಾ ಸುಗ್ಗಿ ಮುಗಿದ ಮೇಲೆ ಹಗರಿಬೊಮ್ಮನಹಳ್ಳಿಯ ಆ ಗಿರಾಕಿ ಮತ್ತೆ ಬಂದಳು. ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು ಮೂಗು ಮುಂದೆ ಮಾಡಿದಳು. ನಾನು ಹಲಗೆಯ ಮೇಲಿದ್ದ ಒಂದು ಗಂಟನ್ನು ತೆಗೆದು ಅವಳ ಕೈಗೇ ಕೊಟ್ಟೆ. ಮೂಸಿ ನೋಡಿದಳು, ಮಡಚಿ ಮತ್ತೆ ಮೂಸಿದಳು.

"ಬೆಕ್ಕು ಸತ್ತೋತೇನು?"

"ಇಲ್ರಿ, ಅಲ್ಲೇ ಕಿಟಕ್ಯಾಗ ಅದಾನ ನೋಡ್ರಿ."

ಸಂಗತಿ ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಮೆಟ್ಟಿಲು ಹತ್ತಿ ಬಂದು, ಸಣ್ಣ ಮಗಳ ಮದುವೆಯ ರೇಷ್ಮೆಯನ್ನೆಲ್ಲ ಮಷಿನ್ನಿನ ಮೇಲೆ ಹರಡಿದಳು. ಹೋಗುವಾಗ, "ನಮ್ಮ ಮನ್ಯಾಗೂ ಒಂದು ಗಂಡು ಐತಿ. ಆ ಡಾಕ್ಟ್ರು ಎಲ್ಲಿ ಸಿಗ್ತಾರ?" ಎಂದು ಕೇಳಿದಳು.

ಕಾರ್ತೀಕ ಬಂತು, ನಾಯಿಗಳ ಕಾಲ. ಮಿರ್ಚಿಯವನ ಹತ್ತಿರ ಒಂದು ಕಪ್ಪು ಗಂಡುನಾಯಿ ಇತ್ತು. ಎತ್ತರದ ಆಳು. ಅವನಿಗೆ ಅದೆಂದರೆ ಪ್ರಾಣ. ಸೀಸನ್ ಬಂದರೆ ಸರಪಳಿ ಹರಿದುಕೊಂಡು ಹೋಗಿಬಿಡುತ್ತಿತ್ತು. ಆ ವರ್ಷ ಊರ ಹೊರಗೆ ಹತ್ತಾರು ನಾಯಿಗಳ ನಡುವೆ ಕಚ್ಚಾಡಿ, ಹೆಗಲು ಹರಿದುಕೊಂಡು ತೆವಳುತ್ತ ಬಂತು. ನಾಲ್ಕು ದಿನದಲ್ಲಿ ಗಾಯಕ್ಕೆ ಹುಳು ಬಿದ್ದವು.

ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ತಟ್ಟಿದ ಸದ್ದು. ತೆರೆದರೆ ಮಿರ್ಚಿಯವನು. ದನಿ ಎಲ್ಲಿ ಹೋಗಿತ್ತೋ, ಪಿಸುಗುಟ್ಟುತ್ತಿದ್ದ.

"ಒಂದು ಮಾತು ಕೇಳಬೇಕಾಗಿತ್ತವ್ವಾ. ನನ್ನ ಗೆಳೆಯಂದು ಒಂದು ನಾಯಿ ಐತಿ..."

"ಗೆಳೆಯನ ನಾಯಿ ನಿಮ್ಮ ಹಿಂದ ನಿಂತು ಕುಂಯ್‌ಗುಡಾಕತ್ತೈತಿ ನೋಡ್ರಿ."

ಅವನು ತಿರುಗಿ ನಾಯಿಯನ್ನು ನೋಡಿದ. "ಉಳಿಸಿಕೊಡವ್ವ. ನಿನಗ ಆ ಡಾಕ್ಟ್ರು ಗುರ್ತಿಲ್ಲೇನು? ಜೊತಿಗೆ ಬಾರವ್ವ" ಎಂದ. ನನಗೆ ನಗಬೇಕೆನಿಸಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹೊರಟೆ.

ಅವನ ಗುರುತಿನವರ ಟ್ರ್ಯಾಕ್ಸ್ ಜೀಪಿನಲ್ಲಿ ಹಡಗಲಿಗೆ ಹೋದೆವು. ಡಾಕ್ಟರು ಹುಳು ತೆಗೆದು ಔಷಧ ಕೊಟ್ಟರು. ಇದು ಮಾಯಲಿ, ಆಮೇಲೆ ಆಪರೇಷನ್ನು ಎಂದರು. ಮಾಯಿತು. ಮತ್ತೆ ಹೋದೆವು. ಮಿರ್ಚಿಯವನು ಮೇಜಿನ ಬಳಿ ನಾಯಿಯ ತಲೆ ಹಿಡಿದು ನಿಂತಿದ್ದವನು ಕತ್ತರಿ ನೋಡಿದ ಕೂಡಲೇ ಬೆವೆತು ಹೊರಗೆ ಹೋಗಿ ಕುಳಿತ. ತಲೆ ಹಿಡಿದದ್ದು ನಾನು.

ನಾಯಿಗೆ ಹೊಲಿಗೆ ಬೇಕಾಗುತ್ತದೆ. ತೊಂದರೆ ಶುರುವಾದದ್ದು ಅಲ್ಲಿಂದ. ಮನೆಗೆ ಬಂದ ನಾಯಿ ನೆಕ್ಕಿ ನೆಕ್ಕಿ ಹೊಲಿಗೆಯನ್ನು ಕಿತ್ತುಕೊಂಡಿತು. ಡಾಕ್ಟರು ಮತ್ತೆ ಹಾಕಿ, ತಳ ಕತ್ತರಿಸಿದ ಪ್ಲಾಸ್ಟಿಕ್ ಬಕೀಟನ್ನು ಕುತ್ತಿಗೆಗೆ ಕಟ್ಟಲು ಹೇಳಿದರು. ನಾಯಿ ಬಕೀಟನ್ನು ಬಾಣಲೆಯ ಕಟ್ಟೆಗೆ ಗುದ್ದಿ ಚೂರು ಮಾಡಿತು. ಮಿರ್ಚಿಯವನು ಅಂಗಡಿ ಮುಚ್ಚಿ ನಾಯಿಯ ಬಾಯಿ ಹಿಡಿದು ಕುಳಿತ.

ನಾನು ಕುತ್ತಿಗೆಯಲ್ಲಿದ್ದ ಟೇಪು ತೆಗೆದು ನಾಯಿಯ ಹತ್ತಿರ ಹೋದೆ. ಸೊಂಟ, ತೊಡೆ, ಬೆನ್ನಿನ ಉದ್ದ ಅಳೆದೆ. ಬಾಲಕ್ಕೆ ಒಂದು ತೂತು, ಮುಂದೆ ಉಚ್ಚೆ ಹೊಯ್ಯುವುದಕ್ಕೆ ಜಾಗ, ಗಾಯದ ಮೇಲೆ ಎರಡು ಪದರ ಮೆತ್ತನೆಯ ಲೈನಿಂಗು, ಬೆನ್ನ ಮೇಲೆ ಕಟ್ಟಲು ಲಾಡಿ. ಮೊದಲನೆಯದು ಜಾರಿತು. ಎರಡನೆಯದು ತೊಡೆಗೆ ಬಿಗಿಯಾಯಿತು. ಮೂರನೆಯದು ಮೈಗೆ ಅಚ್ಚು ಹೊಯ್ದ ಹಾಗೆ ಕುಳಿತಿತು. ನಾಯಿ ತಿರುಗಿ ತಿರುಗಿ ನೋಡಿಕೊಂಡಿತು, ಬಾಯಿಗೆ ಸಿಗದೆ ಸುಮ್ಮನೆ ಮಲಗಿತು. ಮಿರ್ಚಿಯವನು ಕೈಮುಗಿದೇ ಬಿಟ್ಟ.

ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರು ಮೊದಲು ನಕ್ಕರು. ಆಮೇಲೆ ಲಾಡಿ ಬಿಚ್ಚಿ ಒಳಗೆ ಹೊರಗೆ ತಿರುಗಿಸಿ ನೋಡಿದರು. "ಚೊಕ್ಕವಾಗಿದೆ ಗಾಯ. ಇದನ್ನ ಹೆಂಗೆ ಕಟ್ ಮಾಡಿದ್ರಿ?"

"ಲಂಗೋಟಿಗೆ ಸ್ವಲ್ಪ ಚಡ್ಡಿ ಸೇರಿಸಿದ್ರ ಆತ್ರಿ."

"ಇನ್ನಷ್ಟು ಹೊಲಿದು ಕೊಡ್ತೀರಾ? ನಾಯಿಗೆ ಆಪರೇಷನ್ ಮಾಡೋಕೆ ನಾನು ಹಿಂಜರೀತಿದ್ದುದೇ ಈ ನೆಕ್ಕೋ ಕಾಟಕ್ಕೆ."

"ಕೊಡ್ತೀನ್ರಿ. ಆದ್ರ ನೀವು ಒಂದಿನ ನಮ್ಮೂರಿಗೆ ಬರಬೇಕು. ಓಣಿ ಮಂದಿ ದಿನಾ ಕೇಳಾಕತ್ಯಾರ. ಎಲ್ಲಾರೂ ನಾಯಿ ಬೆಕ್ಕು ಹೊತ್ಕೊಂಡು ಬಸ್ಸಿಗೆ ಬರಾಕ ಆಗಂಗಿಲ್ಲ."

ಅವರು ಒಪ್ಪಿದರು. ಅಲ್ಲಿಯತನಕ ದನಕರು ಬಿಟ್ಟು ಬೇರೇನೂ ನೋಡದಿದ್ದ ನಮ್ಮೂರ ದನದ ಆಸ್ಪತ್ರೆಯ ಡಾಕ್ಟರೂ ಜಾಗ ಕೊಟ್ಟು ತಾವೂ ಕೈಜೋಡಿಸಿದರು. ಒಂದು ಭಾನುವಾರ ಗೊತ್ತಾಯಿತು. ನಮ್ಮತ್ತೆ ಆ ವಾರವೆಲ್ಲ ಮನೆ ಮನೆಗೆ ಹೋಗಿ, "ಶನಿವಾರ ಸಂಜಿಂದ ಏನೂ ಹಾಕಬ್ಯಾಡ್ರಿ ಮತ್ತ" ಎಂದು ಸಾರಿ ಬಂದರು. ನಾನು ಮಿಕ್ಕ ಬಟ್ಟೆಯನ್ನೆಲ್ಲ ಹೊರಗೆ ಹಾಕಿ ಸಣ್ಣದು, ದೊಡ್ಡದು ಎಂದು ಲಂಗೋಟಿ ಹೊಲಿದೆ. ಹೂವಿನ ವಾಯಿಲ್, ಪಟ್ಟೆಪಟ್ಟೆ ಪಾಪ್ಲಿನ್, ಯಾರದೋ ಲಂಗದ ಉಳಿಕೆ, ಸಿಕ್ಕಿದ್ದೆಲ್ಲ.

ಭಾನುವಾರ ಬೆಳಿಗ್ಗೆ ನನ್ನ ಗಂಡ ಮಷಿನ್ನನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು ಆಸ್ಪತ್ರೆಯ ಜಗಲಿಯಲ್ಲಿ ಇಟ್ಟರು. ಯಾರೂ ಬರದಿದ್ದರೆ ಏನು ಗತಿ ಎಂದು ಗೇಟಿನ ಕಡೆಯೇ ನೋಡುತ್ತ ಕುಳಿತೆ. ಬಂದರು. ವ್ಯಾನಿಟಿ ಬ್ಯಾಗಿನಲ್ಲಿ ಬೆಕ್ಕು, ತರಕಾರಿ ಬುಟ್ಟಿಯ ಮೇಲೆ ಬುಟ್ಟಿ ಬೋರಲು ಹಾಕಿ ಬೆಕ್ಕು, ಸೀರೆಯ ತುಂಡಿನಿಂದ ಕಟ್ಟಿ ಎಳೆತಂದ ನಾಯಿಗಳು. ಹಗರಿಬೊಮ್ಮನಹಳ್ಳಿಯ ಗಿರಾಕಿ ತನ್ನ ಬಿಳಿಯ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಮದುವೆಗೆ ಬಂದವಳ ಹಾಗೆ ಇಳಿದಳು. ಒಬ್ಬಾಕೆ ಹೆಣ್ಣುನಾಯಿ ತಂದಿದ್ದಳು. ಅದರ ಆಪರೇಷನ್ನು ದೊಡ್ಡದು, ಹಡಗಲಿಗೇ ತನ್ನಿ ಎಂದು ದಿನ ಹೇಳಿ ಕಳಿಸಿದರು.

ಹೊಸಹಳ್ಳಿ ಕಡೆಯ ಒಬ್ಬ ಕುರಿಗಾರ ಸಂತೆಯಲ್ಲಿ ಸುದ್ದಿ ಕೇಳಿ ತನ್ನ ನಾಯಿಯೊಂದಿಗೆ ಬಂದಿದ್ದ. ಅಷ್ಟು ದೂರ ಬಂದರೂ ಗೇಟಿನಲ್ಲೇ ಅಳುಕಿ ನಿಂತ. "ಇದನ್ನ ಮಾಡ್ಸಿದ್ರ ಕುರಿ ಕಾಯೋದು ಬಿಡತೈತೇನ್ರಿ? ತ್ವಾಳಕ್ಕ ಅಂಜತೈತೇನು?"

ಉತ್ತರ ಕೊಟ್ಟದ್ದು ನಾನಲ್ಲ. ಕಪ್ಪುನಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ ಮಿರ್ಚಿಯವನು, ಹಿಂದಿನ ಅದೇ ದೊಡ್ಡ ದನಿಯಲ್ಲಿ, "ನೋಡೋ ತಮ್ಮಾ! ಮುಂಚೆ ಇದು ಕಾರ್ತೀಕದಾಗ ನನ್ನ ಅಂಗಡಿ ಬಿಟ್ಟು ಓಡಿ ಹೋಗ್ತಿತ್ತು. ಕುರಿ ಬಿಟ್ಟು ಓಡಿದ ನಾಯಿ ಏನ್ ಕಾಯತೈತಿ? ಈಗ ನನ್ನ ಬಾಗಿಲಾ ಬಿಡಂಗಿಲ್ಲ. ನಿನ್ನ ಕೈ ಅದರ ಮುಂದ ಚಾಚು, ನೋಡೋಣು!" ಎಂದ. ಕಪ್ಪುನಾಯಿ ಗುರ್ರೆಂದಿತು. ಕುರಿಗಾರ ಕೈ ಹಿಂದೆ ಎಳೆದುಕೊಂಡು ನಕ್ಕ. ಸಾಲಿಗೆ ಬಂದು ನಿಂತ.

ಕಾಂಪೌಂಡಿನ ಗೋಡೆಯ ಮೇಲೆ ಕುಳಿತು ಕೆಲವರು ಗೇಲಿ ಮಾಡುತ್ತಿದ್ದರು. ನಮ್ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಮುಂದೆ ಹೋಗಿ ನಿಂತರು. "ನಗೋರು ಕೆಳಗಿಳೀರಿ. ಒಳಗ ನಾಯಿ ಕಾಲು ಹಿಡಿಯಾಕ ಮಂದಿ ಸಾಲವಲ್ರು." ಇಬ್ಬರು ನಿಜಕ್ಕೂ ಇಳಿದು ಒಳಗೆ ಹೋದರು. ಸಂಜೆಯ ತನಕ ಅವರು ಹೊರಗೆ ಬರಲಿಲ್ಲ.

ಒಳಗೆ ಇಬ್ಬರು ಡಾಕ್ಟರುಗಳ ಕತ್ತರಿ, ಹೊರಗೆ ನನ್ನ ಕತ್ತರಿ. ಅಳತೆ ಹೊಂದದ ಕಡೆ ಅಲ್ಲಿಯೇ ಬಿಚ್ಚಿ ಹೊಲಿದೆ. ಕಾಲು ಮಷಿನ್ನಿನ ಪೆಡಲಿನ ಮೇಲೆ, ಕಣ್ಣು ಬಾಗಿಲ ಮೇಲೆ. ಒಂದೊಂದು ನಾಯಿಯೂ ತೂರಾಡುತ್ತ ಎದ್ದಾಗ ಜಗಲಿಯ ಮೇಲಿದ್ದವರೆಲ್ಲ ಓ ಎನ್ನುತ್ತಿದ್ದರು. ಒಂದು ಪ್ರಾಣಿಯ ಜೀವಕ್ಕೂ ಕುಂದು ಬರಲಿಲ್ಲ. ಕೊನೆಯ ಬೆಕ್ಕು ಮುಗಿಸಿ ಹಡಗಲಿಯ ಡಾಕ್ಟರು ಹೊರಗೆ ಬಂದು ನನ್ನ ಪಕ್ಕದ ಮೆಟ್ಟಿಲ ಮೇಲೆ ಧೊಪ್ಪನೆ ಕುಳಿತರು. ಮಿರ್ಚಿಯವನು ಅವರ ಕೈಗೆ ಬಿಸಿ ಮಿರ್ಚಿ ಮಂಡಕ್ಕಿಯ ಪೊಟ್ಟಣ ಇಟ್ಟ. ಖಾರಕ್ಕೆ ಕಣ್ಣೀರು ಸುರಿಸುತ್ತ ತಿಂದರು.

ಬಿಸಿಲು ಇಳಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಟೆವು. ಮುಂದೆ ಕುರಿಗಾರ, ಅವನ ನಾಯಿಗೆ ಗುಲಾಬಿ ಹೂವಿನ ಲಂಗೋಟಿ. ಅದರ ಹಿಂದೆ ಪಟ್ಟೆಯವು, ಚುಕ್ಕೆಯವು, ಹಸಿರು ಲಂಗದ ಅಂಚಿನವು. ಬೆಕ್ಕಿನ ಬುಟ್ಟಿ ಹೊತ್ತ ಹೆಂಗಸರು, ತಳ್ಳುಗಾಡಿಯ ಮೇಲೆ ನನ್ನ ಮಷಿನ್ನು. ಬಸ್ ಸ್ಟ್ಯಾಂಡಿನ ಮುಂದೆ ರಸ್ತೆ ದಾಟುವಾಗ ಕೂಡ್ಲಿಗಿಯ ಬಸ್ಸು ಬಂತು. ನಾಯಿಗಳಿನ್ನೂ ಮತ್ತಿನಲ್ಲಿ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದವು. ಡ್ರೈವರು ಹಾರ್ನು ಹೊಡೆಯುವುದನ್ನು ಮರೆತು ಬ್ರೇಕು ಹಾಕಿ ನಿಲ್ಲಿಸಿಕೊಂಡ. ಕಿಟಕಿಗಳಿಂದ ತಲೆಗಳು ಹೊರಗೆ ಬಂದವು.

"ಯಮ್ಮಾ, ಏನಿದು ನಾಯಿಗೆ ಹಿಂಗ ಅಂಗಿ ಚಡ್ಡಿ? ಯಾರ್ ಹೊಲದದ್ದು?" ಎಂದು ಒಬ್ಬಾಕೆ ಕೂಗಿ ಕೇಳಿದಳು.

ನಮ್ಮತ್ತೆ ರಸ್ತೆಯ ನಡುವೆ ನಿಂತು, ಬಸ್ಸಿನ ಕೊನೆಯ ಸೀಟಿಗೂ ಕೇಳುವಂತೆ, "ನಮ್ಮ ಸೊಸಿ!" ಎಂದರು.